ಬೆಟ್ಟವಿಲ್ಲದ ದೇಶದಲ್ಲಿ ಬೆಟ್ಟದ ಸೈಕಲ್

 

ಈ ಸಲದ ಗೋಡೆ ಪತ್ರಿಕೆಗೆ ನಾನು ಸೈಕಲ್ ಬಗ್ಗೆ ಬರೆದಿದ್ದೇನೆ. "ಸೈಕಲ್ ಬಗ್ಗೆ ಬರೆಯೋಕೆ ಏನಿದೆ, ಎರಡು ಚಕ್ರ, ಒಂದು ಚೈನು" ಅಂತ ನೀವು ಕೇಳಬಹುದು. ದಯವಿಟ್ಟು ಪೂರ್ತಿ ಓದಿ. ಇದರಲ್ಲಿ ಮಂಜುಗಡ್ಡೆ ಇದೆ, ಕುರಿಗಳಿವೆ, ಹಲ್ಲಿಯ ಮೊಟ್ಟೆಯೂ ಇದೆ. ಕೊನೆಯಲ್ಲಿ ನಮ್ಮ ಶಾಲೆಯ ಹಿಂದಿನ ದಿಣ್ಣೆ ಬರುತ್ತದೆ. ಅದಕ್ಕಾಗಿಯೇ ನಾನು ಇದನ್ನು ಬರೆದದ್ದು.

ನನ್ನ ಸೋದರಮಾವ ಮಣ್ಣಿನ ವಿಷಯ ಓದಲು ನೆದರ್‌ಲ್ಯಾಂಡ್ಸ್ ದೇಶಕ್ಕೆ ಹೋಗಿದ್ದಾರೆ. ಅಲ್ಲಿ ವಾಗೆನಿಂಗೆನ್ ಎಂಬ ಊರಿನಲ್ಲಿ ಕೃಷಿಗೆ ಹೆಸರಾದ ದೊಡ್ಡ ವಿಶ್ವವಿದ್ಯಾಲಯ ಇದೆ. ಗೌರಿ ಹಬ್ಬಕ್ಕೆ ರಜೆ ಹಾಕಿ ಬಂದಿದ್ದಾಗ ಮಾವ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ದಪ್ಪ ಟೈರಿನ ಒಂದು ಸೈಕಲ್, ಮೈಯೆಲ್ಲ ಕೆಸರು, ಸುತ್ತಲೂ ನೇರಳೆ ಬಣ್ಣದ ಗುಡ್ಡ. "ಇದು ಮೌಂಟನ್ ಬೈಕ್ ಕಣೇ. ಭಾನುವಾರ ಇದರಲ್ಲಿ ಕಾಡು ಸುತ್ತೋಕೆ ಹೋಗ್ತೀನಿ" ಅಂದರು.

ನಂಗೆ ನಗು ಬಂತು. ನೆದರ್‌ಲ್ಯಾಂಡ್ಸ್ ಅಂದರೆ ತಗ್ಗು ನಾಡು ಎಂದು ಅರ್ಥ. ಆ ದೇಶದ ಕಾಲು ಭಾಗದಷ್ಟು ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಸಮುದ್ರ ಒಳಗೆ ಬರದ ಹಾಗೆ ಏರಿ ಕಟ್ಟಿ ಕಾಪಾಡಿಕೊಂಡಿದ್ದಾರೆ. "ಅಲ್ಲೆಲ್ಲಿ ಮಾವ ಬೆಟ್ಟ?" ಅಂತ ಕೇಳಿದೆ. ಮಾವ ಹೇಳಿದ್ದನ್ನೇ ನಾನು ಕೆಳಗೆ ವಿವರಿಸಿದ್ದೇನೆ.

ಎಷ್ಟು ಎತ್ತರ?

ನೆದರ್‌ಲ್ಯಾಂಡ್ಸ್ ದೇಶದ ಯೂರೋಪಿನ ಭಾಗದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ವಾಲ್ಸರ್‌ಬೆರ್ಗ್. ಅದರ ಎತ್ತರ ಸುಮಾರು 322 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರಿಗೂ ಹೆಚ್ಚು. ಅಂದರೆ ಅವರ ಬೆಟ್ಟವನ್ನು ಒಂದರ ಮೇಲೊಂದು ಐದು ಸಲ ಇಟ್ಟರೂ ಮುಳ್ಳಯ್ಯನಗಿರಿ ಸಮಕ್ಕೆ ಬರುವುದಿಲ್ಲ!

ಮಾವ ಸೈಕಲ್ ಹೊಡೆಯುವುದು ವಾಲ್ಸರ್‌ಬೆರ್ಗ್ ಹತ್ತಿರ ಅಲ್ಲ. ದೇಶದ ನಡುಭಾಗದಲ್ಲಿ ವೆಲುವೆ ಎಂಬ ಸೀಮೆ ಇದೆ. ಸುಮಾರು 1,000 ಚದರ ಕಿಲೋಮೀಟರ್ ಕಾಡು, ಮರಳು ಮತ್ತು ಕುರುಚಲು ಬಯಲು. ಅಲ್ಲಿನ ಅತಿ ಎತ್ತರದ ಜಾಗ ಸುಮಾರು 110 ಮೀಟರ್. ನಾವು ಅದನ್ನು ದಿಣ್ಣೆ ಎನ್ನುತ್ತೇವೆ. ಆದರೆ ಸುತ್ತಲೂ ರೊಟ್ಟಿ ತಟ್ಟಿದ ಹಾಗೆ ಸಮತಟ್ಟಾದ ನೆಲ ಇರುವಾಗ ಅವರಿಗೆ ಅದೇ ಬೆಟ್ಟ. ವೆಲುವೆಯ ದಕ್ಷಿಣದ ಅಂಚಿನಲ್ಲಿ 1930ರಲ್ಲಿ ಒಂದು ರಾಷ್ಟ್ರೀಯ ಉದ್ಯಾನ ಮಾಡಿದರು. ಆ ದೇಶದ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ ಅದು. ಹೆಸರು ವೆಲುವೆಜೋಮ್.

ಅದರೊಳಗೆ ಪೋಸ್‌ಬ್ಯಾಂಕ್ ಎಂಬ ಒಂದು ಗುಡ್ಡ ಇದೆ. ನಾನು ಅಲ್ಲಿ ದುಡ್ಡಿನ ಬ್ಯಾಂಕ್ ಇರಬೇಕು ಅಂದುಕೊಂಡೆ. ಅವರ ಭಾಷೆಯಲ್ಲಿ ಬ್ಯಾಂಕ್ ಅಂದರೆ ಕೂರುವ ಬೆಂಚು ಎಂದೂ ಅರ್ಥವಂತೆ. ಸೈಕಲ್ ಸವಾರರ ಸಂಘದ ಪದಾಧಿಕಾರಿಯಾಗಿದ್ದ ಪೋಸ್ ಎಂಬುವರ ಗೌರವಕ್ಕೆ 1918ರಲ್ಲಿ ಅಲ್ಲಿ ಒಂದು ಬೆಂಚು ಕಟ್ಟಿಸಿದರು. ಆಮೇಲೆ ಗುಡ್ಡಕ್ಕೇ ಆ ಹೆಸರು ನಿಂತಿತು. ಸೈಕಲ್‌ನವರ ಬೆಂಚಿನಿಂದ ಹೆಸರು ಪಡೆದ ಗುಡ್ಡ ಬೇರೆ ಎಲ್ಲಾದರೂ ಇದೆಯೇ?

ಗುಡ್ಡ ದೂಡಿದ ಮಂಜುಗಡ್ಡೆ

ಈಗ ಮುಖ್ಯ ಪ್ರಶ್ನೆ. ಸಮತಟ್ಟಾದ ದೇಶದ ಮಧ್ಯೆ ಈ ಗುಡ್ಡಗಳು ಎಲ್ಲಿಂದ ಬಂದವು?

ಸುಮಾರು 1,50,000 ವರ್ಷಗಳ ಹಿಂದೆ ಭೂಮಿ ಈಗಿಗಿಂತ ತುಂಬಾ ತಣ್ಣಗಿತ್ತು. ಉತ್ತರದ ನಾರ್ವೆ, ಸ್ವೀಡನ್ ಕಡೆ ಬಿದ್ದ ಹಿಮ ಕರಗುತ್ತಲೇ ಇರಲಿಲ್ಲ. ವರ್ಷದ ಮೇಲೆ ವರ್ಷ ಬಿದ್ದು, ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಗಟ್ಟಿ ಮಂಜುಗಡ್ಡೆಯಾಯಿತು. ದಪ್ಪ ಹೆಚ್ಚಾದ ಮೇಲೆ ಅದು ನಿಂತಲ್ಲಿ ನಿಲ್ಲುವುದಿಲ್ಲ. ಬಿಸಿ ಬೆಲ್ಲದ ಪಾಕ ತಟ್ಟೆಗೆ ಸುರಿದಾಗ ಅಂಚಿನ ಕಡೆಗೆ ಹರಿಯುತ್ತದಲ್ಲ, ಹಾಗೆ ನಿಧಾನವಾಗಿ ಹರಿಯುತ್ತದೆ. ಹೀಗೆ ಹರಿಯುವ ಮಂಜುಗಡ್ಡೆಗೆ ಹಿಮನದಿ ಎಂದು ಹೆಸರು.

ಆ ಮಂಜುಗಡ್ಡೆ ಹರಿದು ಹರಿದು ನೆದರ್‌ಲ್ಯಾಂಡ್ಸಿನ ಉತ್ತರದ ಅರ್ಧ ಭಾಗದವರೆಗೆ ಬಂತು. ರೈನ್ ಮತ್ತು ಮಾಸ್ ನದಿಗಳು ಅಲ್ಲಿ ಸಾವಿರಾರು ವರ್ಷಗಳಿಂದ ಮರಳು, ಬೆಣಚುಕಲ್ಲು ತಂದು ಹಾಕಿದ್ದವು. ಮಂಜುಗಡ್ಡೆಯ ಮುಂದಿನ ಭಾಗ ನಾಲಗೆಯಂತೆ ಚಾಚಿ ಆ ಮರಳನ್ನು ಮುಂದಕ್ಕೂ ಪಕ್ಕಕ್ಕೂ ದೂಡಿತು. ಕಣದಲ್ಲಿ ಹರಡಿದ ರಾಗಿಯನ್ನು ಗೋರುಮಣೆಯಿಂದ ದೂಡಿದರೆ ಮಣೆಯ ಮುಂದೆ ಉದ್ದಕ್ಕೆ ಒಂದು ಗುಡ್ಡೆ ಏಳುತ್ತದೆ. ಅಲ್ಲಿ ಆದದ್ದೂ ಅದೇ, ಆದರೆ ಗೋರುಮಣೆಯ ಬದಲು ಮಂಜುಗಡ್ಡೆ. ಆಮೇಲೆ ಭೂಮಿ ಬೆಚ್ಚಗಾಗಿ ಮಂಜು ಕರಗಿ ಹೋಯಿತು. ಗುಡ್ಡೆ ಉಳಿಯಿತು. ಅದೇ ವೆಲುವೆ. ಇಂಥ ಗುಡ್ಡಕ್ಕೆ ಅವರ ಭಾಷೆಯಲ್ಲಿ "ದೂಡಿದ ಏರಿ" ಎಂಬ ಅರ್ಥ ಬರುವ ಹೆಸರೇ ಇದೆ.

ಮರಳು ತೆಗೆದ ಒಂದು ಕಡೆ ಗುಡ್ಡದ ಒಳಗೆ ಹೇಗಿದೆ ಎಂದು ಮಾವ ಫೋಟೋದಲ್ಲಿ ತೋರಿಸಿದರು. ನದಿ ಹಾಸಿದ ಮರಳಿನ ಪದರಗಳು ಚಾಪೆಯಂತೆ ಮಲಗಿರಬೇಕಿತ್ತು. ಆದರೆ ಅಲ್ಲಿ ಅವು ಕಪಾಟಿನಲ್ಲಿ ಪುಸ್ತಕಗಳು ವಾಲಿಕೊಂಡ ಹಾಗೆ ಓರೆಯಾಗಿ ನಿಂತಿವೆ. ದೂಡಿದ್ದಕ್ಕೆ ಇದೇ ಸಾಕ್ಷಿ.

ಇನ್ನೊಂದು ಸಾಕ್ಷಿ ಕಲ್ಲು. ಮಂಜು ತನ್ನೊಳಗೆ ಕಚ್ಚಿಕೊಂಡು ತಂದ ಸ್ವೀಡನ್ ಕಡೆಯ ಗ್ರಾನೈಟ್ ಗುಂಡುಗಳು ಅಲ್ಲಿನ ಮರಳಿನಲ್ಲಿ ಸಿಗುತ್ತವೆ. ನಮ್ಮೂರಿನ ಬಂಡೆಯೂ ಗ್ರಾನೈಟೇ. ಆದರೆ ನಮ್ಮ ಬಂಡೆ ಇಲ್ಲೇ ಹುಟ್ಟಿ ಇಲ್ಲೇ ಇದೆ. ಅವರದು ಮಂಜಿನ ಮೇಲೆ ಸವಾರಿ ಮಾಡಿ ಬಂದದ್ದು.

ನೀರಿಲ್ಲದ ಕಣಿವೆಗಳು

ಪೋಸ್‌ಬ್ಯಾಂಕ್ ಹತ್ತಿರ ದಾರಿ ಒಂದೇ ಸಮ ಏರುವುದಿಲ್ಲ. ಏರುತ್ತದೆ, ತಟ್ಟನೆ ಇಳಿಯುತ್ತದೆ, ಮತ್ತೆ ಏರುತ್ತದೆ. ಸವಾರರಿಗೆ ಅದೇ ಮಜಾ. ಇಳಿಯುವ ಜಾಗಗಳೆಲ್ಲ ಕಣಿವೆಗಳು. ಆದರೆ ಒಂದರಲ್ಲೂ ಹಳ್ಳವಿಲ್ಲ, ನೀರಿಲ್ಲ. ನೀರಿಲ್ಲದೆ ಕಣಿವೆ ಹೇಗಾಯಿತು?

ಇದಕ್ಕೂ ಚಳಿಯೇ ಕಾರಣ. ಗುಡ್ಡ ಎದ್ದ ಮೇಲೆ ಇನ್ನೊಂದು ಹಿಮಯುಗ ಬಂತು. ಅದೇ ಕೊನೆಯದು. ಸುಮಾರು 11,700 ವರ್ಷಗಳ ಹಿಂದೆ ಮುಗಿಯಿತು. ಆಗ ಮಂಜುಗಡ್ಡೆ ನೆದರ್‌ಲ್ಯಾಂಡ್ಸ್ ತನಕ ಬರಲಿಲ್ಲ, ಆದರೆ ನೆಲ ಆಳದವರೆಗೆ ಹೆಪ್ಪುಗಟ್ಟಿತ್ತು. ಬೇಸಿಗೆಯಲ್ಲಿ ಮೇಲಿನ ಹಿಮ ಕರಗಿದಾಗ ನೀರು ಇಂಗಲು ಜಾಗವಿಲ್ಲ, ಕೆಳಗೆ ಎಲ್ಲ ಕಲ್ಲಿನಂತೆ ಗಟ್ಟಿ. ಹಾಗಾಗಿ ನೀರು ಮೇಲೆಯೇ ಹರಿದು ಇಳಿಜಾರನ್ನು ಕೊರೆಯಿತು. ಆಮೇಲೆ ನೆಲ ಕರಗಿತು. ಈಗ ಮಳೆ ಬಿದ್ದರೆ ಮರಳು ಹೀರಿಕೊಂಡು ಬಿಡುತ್ತದೆ. ಕಣಿವೆಗಳು ಮಾತ್ರ ಹಾಗೇ ಉಳಿದಿವೆ.

ಒಂದು ಮಾತು ನೆನಪಿಡಿ: ನೀರಿಗೆ ಇಂಗಲು ಜಾಗ ಸಿಗದಿದ್ದರೆ ಅದು ಕೊರೆಯುತ್ತದೆ. ಮುಂದೆ ಇದು ಬೇಕಾಗುತ್ತದೆ.

ನೇರಳೆ ಬಯಲು ಮತ್ತು ಕುರಿಗಳು

ಫೋಟೋದಲ್ಲಿದ್ದ ನೇರಳೆ ಬಣ್ಣ ಹೆದರ್ ಎಂಬ ಗಿಡದ ಹೂವು. ಮೊಣಕಾಲೆತ್ತರದ ಕುರುಚಲು ಗಿಡ. ಆಗಸ್ಟ್‌ನಲ್ಲಿ ಇಡೀ ಬಯಲು ಹೂ ಬಿಡುತ್ತದೆ, ಜೇನುಗಳು ಮುತ್ತುತ್ತವೆ. ಈ ಗಿಡ ತುಂಬಿದ ಬಯಲಿಗೆ ಅವರು ಹೈಡೆ ಎನ್ನುತ್ತಾರೆ.

ಇಷ್ಟು ಚೆಂದದ ಬಯಲನ್ನು ದೇವರೇ ಮಾಡಿಟ್ಟ ಅಂದುಕೊಂಡಿದ್ದೆ. ಅಲ್ಲವಂತೆ. ಅಲ್ಲಿ ಮೊದಲು ಕಾಡಿತ್ತು. ರೈತರು ಮರ ಕಡಿದರು, ಕುರಿ ಮೇಯಿಸಿದರು. ಮರಳು ನೆಲದಲ್ಲಿ ಸಾರವಿಲ್ಲ, ಗೊಬ್ಬರ ಬೇಕೇ ಬೇಕು. ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಹಗಲು ಕುರಿಗಳನ್ನು ಬಯಲಿಗೆ ಬಿಡುವುದು, ರಾತ್ರಿ ಕೊಟ್ಟಿಗೆಯಲ್ಲಿ ಕೂಡುವುದು. ಕೊಟ್ಟಿಗೆಯ ನೆಲಕ್ಕೆ ಬಯಲಿನ ಹೆದರ್ ಗಿಡವನ್ನು ಬೇರು, ಮಣ್ಣಿನ ಸಮೇತ ಹೆಂಟೆ ಹೆಂಟೆಯಾಗಿ ಕೆತ್ತಿ ತಂದು ಹಾಸುವುದು. ಅದಕ್ಕೆ ಹಿಕ್ಕೆ, ಗಂಜಲ ಸೇರಿ ಗೊಬ್ಬರವಾದ ಮೇಲೆ ಹೊಲಕ್ಕೆ ಹೊಡೆಯುವುದು. ನಮ್ಮೂರಿಗೆ ಕುರಿಯವರು ಬಂದಾಗ ಹೊಲದಲ್ಲಿ ಮಂದೆ ಹಾಕಿಸುತ್ತಾರಲ್ಲ, ಅದೂ ಗೊಬ್ಬರಕ್ಕಾಗಿಯೇ.

ಆದರೆ ಕೆಲವು ಕಡೆ ಅತಿಯಾಗಿ ಕೆತ್ತಿದರು, ಅತಿಯಾಗಿ ಮೇಯಿಸಿದರು. ಗಿಡದ ಹೊದಿಕೆ ಹೋದ ಮೇಲೆ ಮರಳು ಗಾಳಿಗೆ ಎದ್ದಿತು. ಹೊಲಗಳ ಮೇಲೆ ಹೋಗಿ ಬಿತ್ತು. ಕೋಟ್‌ವೈಕ್ ಎಂಬ ಊರಿನ ಹತ್ತಿರ ಈಗಲೂ ಸುಮಾರು 700 ಹೆಕ್ಟೇರ್ ಬರೀ ಮರಳು ಹಾರುವ ಬಯಲಿದೆ. ನೋಡಿದರೆ ರಾಜಸ್ಥಾನ ಅನ್ನಬೇಕು!

ಹತ್ತೊಂಬತ್ತನೇ ಶತಮಾನದ ಕೊನೆಗೆ ಅಂಗಡಿ ಗೊಬ್ಬರ ಬಂತು. ಕುರಿ ಗೊಬ್ಬರ ಬೇಡವಾಯಿತು. ಬಯಲನ್ನು ಉತ್ತು ಹೊಲ ಮಾಡಿದರು, ಇಲ್ಲವೇ ಪೈನ್ ಮರ ನೆಟ್ಟರು. ಹಳೆಯ ಹೈಡೆ ಬಯಲಿನಲ್ಲಿ ಹತ್ತನೇ ಒಂದು ಭಾಗ ಕೂಡ ಇವತ್ತು ಆ ದೇಶದಲ್ಲಿ ಉಳಿದಿಲ್ಲ.

ಉಳಿದದ್ದನ್ನು ಸುಮ್ಮನೆ ಬಿಟ್ಟರೆ ಸಾಕೇ? ಸಾಲದು. ಪೈನ್, ಬರ್ಚ್ ಮರಗಳ ಸಸಿ ಹುಟ್ಟಿ ಕಾಡಾಗುತ್ತದೆ. ಜೊತೆಗೆ ದನದ ಫಾರಂಗಳಿಂದಲೂ ವಾಹನಗಳಿಂದಲೂ ಬರುವ ಸಾರಜನಕ ಗಾಳಿಯಲ್ಲಿ ಬಂದು ಬಯಲಿಗೆ ಬೀಳುತ್ತದೆ. ಅದು ಗೊಬ್ಬರ ಹಾಕಿದ ಹಾಗೆ. ಹುಲ್ಲು ಕೊಬ್ಬಿ ಬೆಳೆದು ಹೆದರ್ ಗಿಡವನ್ನು ಮುಚ್ಚಿಬಿಡುತ್ತದೆ. ಹಿಂದೆ ಗೊಬ್ಬರ ಇಲ್ಲ ಅಂತ ಕಷ್ಟ, ಈಗ ಗೊಬ್ಬರ ಹೆಚ್ಚಾಯಿತು ಅಂತ ಕಷ್ಟ! ಆದ್ದರಿಂದ ಈಗ ಬಯಲನ್ನು ಉಳಿಸುವುದಕ್ಕೇ ಕುರಿ ಮಂದೆ ಸಾಕಿದ್ದಾರೆ. ಕುರಿ ಕಾಯುವವರು ನಾಯಿ ಕಟ್ಟಿಕೊಂಡು ಬಯಲಿನಲ್ಲಿ ತಿರುಗುತ್ತಾರೆ. ಸಸಿ, ಹುಲ್ಲು ಎರಡನ್ನೂ ಕುರಿಗಳು ಮೇದು ಹತೋಟಿಯಲ್ಲಿ ಇಡುತ್ತವೆ.

ಸೈಕಲ್ ಹೇಗಿರುತ್ತದೆ?

ಮೌಂಟನ್ ಬೈಕ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಹಳೇ ದಪ್ಪ ಟೈರಿನ ಸೈಕಲ್‌ಗಳನ್ನು ಹುಡುಗರು ಗುಡ್ಡದ ಮಣ್ಣು ದಾರಿಯಲ್ಲಿ ಇಳಿಸಿ ಇಳಿಸಿ, ಆಮೇಲೆ ಅದಕ್ಕೆಂದೇ ಬೇರೆ ಸೈಕಲ್ ಮಾಡಿದರು. ನಮ್ಮ ಸೈಕಲ್‌ಗೂ ಅದಕ್ಕೂ ಇರುವ ವ್ಯತ್ಯಾಸ:

1. ಟೈರ್ ಎರಡು ಇಂಚಿಗಿಂತ ದಪ್ಪ, ಮೇಲೆಲ್ಲ ಗುಬುಟು ಗುಬುಟು. ಗಾಳಿಯನ್ನು ಸ್ವಲ್ಪ ಕಡಿಮೆ ತುಂಬುತ್ತಾರೆ. ಆಗ ಟೈರ್ ಅಗಲವಾಗಿ ನೆಲಕ್ಕೆ ತಾಗಿ ಮರಳಿನಲ್ಲಿ ಹೂತುಕೊಳ್ಳುವುದಿಲ್ಲ.

2. ಮುಂದಿನ ಫೋರ್ಕ್ ಮೋಟಾರ್ ಸೈಕಲ್ಲಿನ ಹಾಗೆ ಒತ್ತಿಕೊಂಡು ಮೇಲೇಳುತ್ತದೆ. ಬೇರಿನ ಮೇಲೆ, ಕಲ್ಲಿನ ಮೇಲೆ ಹೋದಾಗ ಕೈ ನೋಯುವುದಿಲ್ಲ.

3. ಗೇರ್. ಇದನ್ನು ನಾನು ಲೆಕ್ಕ ಹಾಕಿದೆ. ಅಕ್ಕನಿಗೆ ಎಂಟನೇ ತರಗತಿಯಲ್ಲಿ ಸಿಕ್ಕ ಸೈಕಲ್ ಈಗ ನನ್ನದು. ಅದರ ಮುಂದಿನ ಚಕ್ರದಲ್ಲಿ (ಪೆಡಲ್ ಇರುವುದು) 44 ಹಲ್ಲು, ಹಿಂದಿನದರಲ್ಲಿ 18 ಹಲ್ಲು. 44 ÷ 18 = 2.44. ಅಂದರೆ ಒಂದು ಸುತ್ತು ತುಳಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಸಮನೆಲಕ್ಕೆ ಸರಿ, ಏರಿನಲ್ಲಿ ಉಸಿರು ಹೋಗುತ್ತದೆ. ಮಾವನ ಸೈಕಲ್‌ನಲ್ಲಿ ಮುಂದೆ 32, ಹಿಂದಿನ ದೊಡ್ಡ ಚಕ್ರದಲ್ಲಿ 50 ಹಲ್ಲು. 32 ÷ 50 = 0.64. ಒಂದು ಸುತ್ತು ತುಳಿದರೆ ಗಾಲಿ ಒಂದು ಸುತ್ತೂ ಪೂರ್ತಿ ತಿರುಗುವುದಿಲ್ಲ. ನಿಧಾನವಾಗಿ ಹೋಗುತ್ತದೆ, ಆದರೆ ಎಂಥ ಏರನ್ನೂ ಹತ್ತುತ್ತದೆ.

ನಿಮಗೆ ಗೊತ್ತೇ? ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಸ್ಪರ್ಧೆ ಮೊದಲು ನಡೆದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಗಂಡಸರ ಸ್ಪರ್ಧೆಯಲ್ಲಿ ಚಿನ್ನ ಗೆದ್ದವರು ಬಾರ್ಟ್ ಬ್ರೆಂಟ್ಯೆನ್ಸ್. ಅವರ ದೇಶ ಯಾವುದು ಗೊತ್ತೇ? ಬೆಟ್ಟವೇ ಇಲ್ಲದ ನೆದರ್‌ಲ್ಯಾಂಡ್ಸ್!

ದಾರಿ ಬಿಟ್ಟು ಹೋಗಬಾರದು

ವೆಲುವೆಯಲ್ಲಿ ಮೌಂಟನ್ ಬೈಕ್ ಎಲ್ಲಿ ಬೇಕಾದರಲ್ಲಿ ಹೊಡೆಯುವ ಹಾಗಿಲ್ಲ. ಅದಕ್ಕೆಂದೇ ಗುರುತು ಮಾಡಿದ ಕಿರುದಾರಿಗಳಿವೆ. ಗಿಡ್ಡ ಕಂಬಗಳಲ್ಲಿ ಬಾಣದ ಗುರುತು ಇರುತ್ತದೆ. ಬಹಳ ಕಡೆ ಒಂದೇ ದಿಕ್ಕಿನಲ್ಲಿ ಹೋಗಬೇಕು. ಕತ್ತಲಾದ ಮೇಲೆ ಕಾಡಿನಲ್ಲಿ ಇರಬಾರದು. ಏಕೆಂದರೆ ಜಿಂಕೆ, ಕಾಡುಹಂದಿಗಳು ಓಡಾಡುವ ಹೊತ್ತು ಅದು. 2019ರಿಂದ ತೋಳಗಳೂ ಅಲ್ಲಿ ಮರಿ ಹಾಕುತ್ತಿವೆ.

"ಅಷ್ಟು ದೊಡ್ಡ ಬಯಲಲ್ಲಿ ಒಂದು ಸೈಕಲ್ ಪಕ್ಕಕ್ಕೆ ಹೋದ್ರೆ ಏನಾಗತ್ತೆ ಮಾವ?" ಅಂತ ಕೇಳಿದೆ. ಮಾವ ಎರಡು ಕಾರಣ ಹೇಳಿದರು.

ಮೊದಲನೆಯದು, ಅಲ್ಲಿ ಮರಳು ಹಲ್ಲಿ ಎಂಬ ಒಂದು ಹಲ್ಲಿ ಇದೆ. ಗಂಡು ಹಲ್ಲಿಯ ಪಕ್ಕೆ ವಸಂತದಲ್ಲಿ ಹಸಿರಾಗುತ್ತದೆ. ಹೆಣ್ಣು ಹಲ್ಲಿ ಬಿಸಿಲು ಬೀಳುವ ಬರಿ ಮರಳಿನಲ್ಲಿ ಗುಳಿ ತೋಡಿ ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಕಾವು ಕೊಡುವುದು ಬಿಸಿಲೇ. ನತ್ತಿಂಗ ಎಂಬ ಹಕ್ಕಿಯೂ ಗೂಡು ಕಟ್ಟದೆ ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಅದರ ಮೈಬಣ್ಣ ಒಣ ಎಲೆಯ ಹಾಗೆ. ಎದುರಿಗೇ ಕೂತಿದ್ದರೂ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಎರಡನೆಯದು ನೆಲ. ಹೆದರ್ ಗಿಡದ ಬೇರು ಮರಳನ್ನು ಹಿಡಿದುಕೊಂಡಿರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಗಾಲಿ ತಿರುಗದೆ ಜಾರಿದರೆ ನೆಲದಲ್ಲಿ ಒಂದು ಗೀರು ಬೀಳುತ್ತದೆ. ಹತ್ತು ಜನ ಅದೇ ಜಾಗದಲ್ಲಿ ಜಾರಿದರೆ ಗೀರು ಕಾಲುವೆಯಾಗುತ್ತದೆ. ತುಳಿದು ಗಟ್ಟಿಯಾದ ನೆಲದಲ್ಲಿ ಮಳೆ ನೀರು ಇಂಗುವುದಿಲ್ಲ. ಇಂಗದ ನೀರು ಏನು ಮಾಡುತ್ತದೆ ಎಂದು ಮೇಲೆ ಬರೆದಿದ್ದೇನೆ.

ಒಂದು ಗುಡ್ಡವನ್ನು ಮಾಡಲು ಅಷ್ಟು ದೊಡ್ಡ ಮಂಜುಗಡ್ಡೆ ಬರಬೇಕಾಯಿತು. ಅದನ್ನು ಕೊರೆಯಲು ಮಾತ್ರ ನಾಲ್ಕು ಸೈಕಲ್, ಒಂದು ಮಳೆಗಾಲ ಸಾಕು.

ಈಗ ನಮ್ಮ ದಿಣ್ಣೆ

ನಾಲ್ಕು ಸೈಕಲ್ ಅಂತ ಯಾಕೆ ಬರೆದೆ ಎಂದು ನಾಲ್ಕು ಜನಕ್ಕೆ ಗೊತ್ತು. ಅದರಲ್ಲಿ ನಾನೂ ಒಬ್ಬಳು. ಉಳಿದ ಮೂವರ ಹೆಸರು ಬರೆಯುವುದಿಲ್ಲ.

ಬೇಸಿಗೆ ರಜೆಯಲ್ಲಿ ನಾವು ಶಾಲೆಯ ಹಿಂದಿನ ಗೋಮಾಳದ ದಿಣ್ಣೆಯಿಂದ ನೇರವಾಗಿ ಕೆಳಕ್ಕೆ ಸೈಕಲ್ ಬಿಡುವ ಆಟ ಆಡಿದೆವು. ಹುಲ್ಲು ಸವೆದು ಒಂದು ಬಿಳಿ ದಾರಿ ಆಯಿತು. ಯಾರು ಹೆಚ್ಚು ದೂರ ಜಾರುತ್ತಾರೆ ಅಂತ ಪಂದ್ಯವನ್ನೂ ಕಟ್ಟಿದೆವು. ಮುಂಗಾರು ಶುರುವಾದ ಮೇಲೆ ಮಳೆ ನೀರೆಲ್ಲ ಆ ದಾರಿಯಲ್ಲೇ ಇಳಿಯಿತು. ಈಗ ಅಲ್ಲಿ ಕೊರಕಲು ಬಿದ್ದಿದೆ. ನಾನು ಅಳತೆ ಮಾಡಿದೆ. ನಡುವೆ ನಮ್ಮ ಮರದ ಸ್ಕೇಲ್ ಎರಡು ಇಟ್ಟಷ್ಟು ಆಳ, ಅಂದರೆ ಎರಡು ಅಡಿ. ಕೊರೆದ ಮರಳೆಲ್ಲ ಕೆಳಗಿನ ಅಜ್ಜಿಯ ಹೊಲಕ್ಕೆ ಹೋಗಿ ರಾಗಿ ಪೈರಿನ ಮೇಲೆ ಬಿದ್ದಿದೆ.

ಅಜ್ಜಿ, ಕುರಿ ಕಾಯುವ ತಾತನನ್ನು ಬೈದರು. "ನಿನ್ ಕುರಿ ತುಳ್ದೂ ತುಳ್ದೂ ನನ್ ಹೊಲ ಹಾಳ್ ಮಾಡುದ್ವು" ಅಂತ ದಾರಿಯಲ್ಲಿ ನಿಂತು ಕೂಗಿದರು. ತಾತ ಏನೂ ಎದುರು ಮಾತಾಡಲಿಲ್ಲ. ನಾನು ಸೈಕಲ್ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಸುಮ್ಮನಿದ್ದೆ.

ಮಾವ ಬಂದಾಗ ಆ ಕಡೆ ತಿರುಗಾಡಲು ಹೋದೆವು. ಕೊರಕಲು ನೋಡಿ "ಇದು ಯಾರ ದಾರಿ?" ಅಂದರು. "ಕುರಿಗಳದ್ದು" ಅಂತ ನಾನೂ ಅಂದುಬಿಟ್ಟೆ. ಮಾವ ಬಗ್ಗಿ ನೋಡಿ, "ಕುರಿ ನೇರಕ್ಕೆ ಇಳಿಯಲ್ಲ ಪುಟ್ಟಿ. ಅಡ್ಡಡ್ಡ ಹೋಗ್ತವೆ. ನೇರಕ್ಕೆ ಇಳಿಯೋದು ಚಕ್ರ ಮಾತ್ರ" ಅಂದರು. ಬೈಯಲಿಲ್ಲ. ಅವತ್ತು ರಾತ್ರಿಯೇ ಈ ವೆಲುವೆ ವಿಷಯವೆಲ್ಲ ಹೇಳಿದ್ದು. ಬೈದಿದ್ದರೆ ಇಷ್ಟು ಬೇಜಾರು ಆಗುತ್ತಿರಲಿಲ್ಲ.

ಮೊನ್ನೆ ನಾನು ಅಜ್ಜಿಯ ಹತ್ತಿರ ಹೋಗಿ ನಿಜ ಹೇಳಿದೆ. ಅಜ್ಜಿ ಬೈದರು, ಆಮೇಲೆ ಒಂದು ತುಂಡು ಬೆಲ್ಲ ಕೊಟ್ಟರು. ತಾತನ ಹತ್ತಿರ ಹೇಳಲು ಹೋದರೆ ಅವರು, "ನಂಗೊತ್ತಿತ್ತು ಬಿಡವ್ವ" ಅಂದರು.

ಕೊರಕಲಿಗೆ ಏನು ಮಾಡಬೇಕೆಂದು ಮಾವ ಬರೆದುಕೊಟ್ಟಿದ್ದಾರೆ. ಇಳಿಜಾರಿಗೆ ಅಡ್ಡಲಾಗಿ ಅಲ್ಲಲ್ಲಿ ಕಲ್ಲಿನ ಸಣ್ಣ ತಡೆ ಇಡಬೇಕು. ನಡುವೆ ಸ್ವಲ್ಪ ತಗ್ಗು, ಎರಡು ಬದಿ ಎತ್ತರ ಇರಬೇಕು. ಆಗ ನೀರು ನಡುವಿನಿಂದ ನಿಧಾನವಾಗಿ ಇಳಿಯುತ್ತದೆ, ಮಣ್ಣು ತಡೆಯ ಹಿಂದೆ ನಿಲ್ಲುತ್ತದೆ. ಮೇಲಿನಿಂದ ಶುರು ಮಾಡಿ ಕೆಳಕ್ಕೆ ಬರಬೇಕು. ಬದಿಯಲ್ಲಿ ಹುಲ್ಲಿನ ಬೇರು ನೆಡಬೇಕು. ಹುಲ್ಲು ಹಿಡಿಯುವ ತನಕ ಆ ಕಡೆ ಸೈಕಲ್ ಬಿಡಬಾರದು.

ಸೈಕಲ್ ಹೊಡೆಯುವುದು ತಪ್ಪಲ್ಲ. ದಿಣ್ಣೆಯ ಪಕ್ಕದಲ್ಲಿ ಹಳೆಯ ಗಾಡಿ ದಾರಿ ಇದೆ. ಅದು ಸುತ್ತಿಕೊಂಡು ಇಳಿಯುತ್ತದೆ, ಮಜಾ ಸ್ವಲ್ಪ ಕಡಿಮೆ. ಆದರೆ ನಾನು ಇನ್ನು ಮೇಲೆ ಅದರಲ್ಲೇ ಹೋಗುತ್ತೇನೆ.

ನಮ್ಮ ಮೇಷ್ಟ್ರು ಒಪ್ಪಿದ್ದಾರೆ. ಈ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾನು ದಿಣ್ಣೆಯ ಮೇಲಿರುತ್ತೇನೆ. ಬರುವವರು ಕೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಎರಡು ಕಲ್ಲು ತನ್ನಿ. ಆ ಮೂವರು ನಾಲ್ಕು ನಾಲ್ಕು ತನ್ನಿ.

— ಏಳನೇ ತರಗತಿ, ಕ್ರಮಸಂಖ್ಯೆ 14